ಮಾರಿಯೊ ಗೆದ್ದದ್ದಕ್ಕೆ ಸಾಕ್ಷಿ ಯಾರು? ಗೇಮಿನ ಬಿರುದಿಗೆ ನಿಯಮ ಬರೆಯುವ ಭಾಷೆಯ ಕಥೆ

ಫೋನಿನಲ್ಲಿ ಗೇಮ್ ಆಡುವವರಿಗೆಲ್ಲ ಇದು ಗೊತ್ತು. ಆಟದ ಮಧ್ಯೆ ಪರದೆಯ ಮೇಲೆ ಒಂದು ಪುಟ್ಟ ಪಟ್ಟಿ ಇಳಿದು ಬರುತ್ತದೆ. ‘ಅಚೀವ್‌ಮೆಂಟ್ ಅನ್‌ಲಾಕ್ಡ್’ ಅನ್ನುತ್ತದೆ. ನೂರು ಶತ್ರುಗಳನ್ನು ಹೊಡೆದಿರಿ, ಹತ್ತು ಹಂತ ದಾಟಿದಿರಿ, ತಗೊಳ್ಳಿ ಬಿರುದು. ಎರಡು ಸೆಕೆಂಡಿನಲ್ಲಿ ಆ ಪಟ್ಟಿ ಮಾಯ.

ನಾವು ಈ ಬರಹದಲ್ಲಿ ಅದನ್ನು ‘ಬಿರುದು’ ಎಂದೇ ಕರೆಯುತ್ತೇವೆ. ನೀವು ಗೆದ್ದಿರಿ ಎಂದು ತೀರ್ಮಾನ ಮಾಡಿದ್ದು ಯಾರು? ಆ ತೀರ್ಮಾನದ ನಿಯಮ ಎಲ್ಲಿ ಬರೆದಿದೆ, ಯಾವ ಭಾಷೆಯಲ್ಲಿ ಬರೆದಿದೆ? ಇದಕ್ಕೆ ನಲವತ್ತು ವರ್ಷ ದಾಟಿದ ಚರಿತ್ರೆ ಇದೆ. ಅದರ ದೊಡ್ಡ ಭಾಗವನ್ನು ಬರೆದವರು ಕಂಪನಿಗಳ ಎಂಜಿನಿಯರುಗಳಲ್ಲ, ಸಂಬಳವಿಲ್ಲದೆ ಕೂತು ಕೆಲಸ ಮಾಡಿದ ಆಟಗಾರರು.

ಮೊದಲು ಸಾಕ್ಷಿ ಅಂದರೆ ಫೋಟೊ. 1980ರ ದಶಕದ ಆರಂಭದಲ್ಲಿ ಅಮೆರಿಕದ ಆಕ್ಟಿವಿಷನ್ ಕಂಪನಿ ಅಟಾರಿ ಯಂತ್ರಕ್ಕೆ ಗೇಮ್ ಮಾಡುತ್ತಿತ್ತು. ಗೇಮಿನ ಜೊತೆ ಬರುವ ಪುಸ್ತಿಕೆಯಲ್ಲಿ ಒಂದು ಸವಾಲು ಇರುತ್ತಿತ್ತು. ‘ಪಿಟ್‌ಫಾಲ್’ ಎಂಬ 1982ರ ಗೇಮಿನಲ್ಲಿ 20,000 ಅಂಕ ಗಳಿಸಿ, ಟಿವಿ ಪರದೆಯ ಫೋಟೊ ತೆಗೆದು ಅಂಚೆಯಲ್ಲಿ ಕಳಿಸಿದರೆ, ಅಂಗಿಗೆ ಹೊಲಿದುಕೊಳ್ಳುವ ಬಟ್ಟೆಯ ಬಿಲ್ಲೆಯೊಂದು ಮನೆಗೆ ಬರುತ್ತಿತ್ತು. ‘ಡ್ರ್ಯಾಗ್‌ಸ್ಟರ್’ ಎಂಬ ಕಾರು ಓಟದ ಗೇಮಿನಲ್ಲಿ 6 ಸೆಕೆಂಡಿನ ಗುರಿ ಮುಟ್ಟಿದವರಿಗೂ ಇಂಥದೇ ಬಿಲ್ಲೆ ಇತ್ತು. ಆಗ ಫೋಟೊ ಅಂದರೆ ರೀಲು ತೊಳೆಸಬೇಕು, ಪ್ರಿಂಟ್ ಹಾಕಿಸಬೇಕು, ಕವರಿಗೆ ಹಾಕಿ ಕಳಿಸಬೇಕು. ಆದರೂ ಹುಡುಗರು ಕಳಿಸುತ್ತಿದ್ದರು.

ಫೋಟೊ ಪೂರ್ತಿ ಸತ್ಯ ಹೇಳುವುದಿಲ್ಲ ಎನ್ನುವುದಕ್ಕೆ ಅದೇ ಡ್ರ್ಯಾಗ್‌ಸ್ಟರ್ ಉದಾಹರಣೆ. ಆ ಗೇಮಿನಲ್ಲಿ 5.51 ಸೆಕೆಂಡಿನ ದಾಖಲೆಯೊಂದು 1982ರಿಂದ ಒಬ್ಬ ಆಟಗಾರನ ಹೆಸರಿನಲ್ಲಿತ್ತು. ಗಿನ್ನೆಸ್ ಪುಸ್ತಕವೂ ಅದನ್ನು ಒಪ್ಪಿತ್ತು. ದಶಕಗಳ ನಂತರ ಒಬ್ಬ ಉತ್ಸಾಹಿ ಆ ಗೇಮಿನ ಪ್ರೋಗ್ರಾಮನ್ನೇ ಬಿಚ್ಚಿ ಓದಿದ. ಯಾವ ಕ್ಷಣದಲ್ಲಿ ಯಾವ ಗೇರ್ ಹಾಕಿದರೆ ಎಷ್ಟು ದೂರ ಎಂದು ಲೆಕ್ಕ ಹಾಕಿದ. 5.57ಕ್ಕಿಂತ ಕಡಿಮೆ ಬರುವ ದಾರಿ ಅವನ ಲೆಕ್ಕದಲ್ಲಿ ಸಿಗಲಿಲ್ಲ. ದಾಖಲೆ ಕಾಯುವ ಟ್ವಿನ್ ಗ್ಯಾಲಕ್ಸೀಸ್ ಸಂಸ್ಥೆ 2018ರ ಜನವರಿಯಲ್ಲಿ ಆ ಆಟಗಾರನ ದಾಖಲೆಗಳನ್ನೆಲ್ಲ ತೆಗೆದುಹಾಕಿತು. ಗಿನ್ನೆಸ್ ಕೂಡ ಹಿಂದೆ ಸರಿಯಿತು. ಮೂವತ್ತೈದು ವರ್ಷ ಮನುಷ್ಯರ ಮಾತು ನಡೆದಿತ್ತು. ಕೊನೆಗೆ ಗೇಮಿನ ಒಳಗಿನ ಲೆಕ್ಕವೇ ಸಾಕ್ಷಿಗೆ ಬಂತು.

ನಡುವೆ 2005ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ 360 ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಿತು. ಅಂಗಡಿಯಲ್ಲಿ ಮಾರುವ ಪ್ರತಿ ಗೇಮಿನಲ್ಲೂ ಬಿರುದುಗಳು ಇರಬೇಕು, ಅವಕ್ಕೆ ಒಟ್ಟು 1000 ಅಂಕ ಇರಬೇಕು ಎಂದು ಕಟ್ಟಳೆ ಮಾಡಿತು. 2007ರಲ್ಲಿ ಸ್ಟೀಮ್, 2008ರಲ್ಲಿ ಪ್ಲೇಸ್ಟೇಷನ್ ಅದೇ ದಾರಿ ಹಿಡಿದವು. ಈಗ ನಿಮ್ಮ ಫೋನಿಗೆ ಬರುವ ಪಟ್ಟಿ ಅದೇ ವಂಶದ್ದು. ಇಲ್ಲಿ ನಿಯಮ ಬರೆಯುವುದು ಸುಲಭ. ಗೇಮ್ ಮಾಡಿದವರ ಕೈಯಲ್ಲೇ ಅದರ ಪ್ರೋಗ್ರಾಮ್ ಇರುತ್ತದೆ. ರಾಕ್ಷಸ ಸತ್ತ ಜಾಗದಲ್ಲಿ ‘ಈಗ ಬಿರುದು ಕೊಡು’ ಎಂದು ಒಂದು ಸಾಲು ಸೇರಿಸಿದರೆ ಮುಗಿಯಿತು.

ಸುಲಭವಾದದ್ದು ಸರಿಯಾಗಿಯೇ ಇರಬೇಕೆಂದಿಲ್ಲ. 2007ರಲ್ಲಿ ಎಕ್ಸ್‌ಬಾಕ್ಸ್‌ಗೆ ಬಂದ ‘ಅವತಾರ್: ದಿ ಬರ್ನಿಂಗ್ ಅರ್ಥ್’ ಎಂಬ ಮಕ್ಕಳ ಗೇಮಿನಲ್ಲಿ ಇದ್ದದ್ದೇ ಐದು ಬಿರುದು. ಬಿಡದೆ 10 ಏಟು, 20, 30, 40, 50 ಏಟು. ಅಷ್ಟಕ್ಕೇ ಪೂರ್ತಿ 1000 ಅಂಕ. ಆಟ ಶುರುವಾದ ಜಾಗದಲ್ಲೇ ನಿಂತು ಒಂದೇ ಗುಂಡಿಯನ್ನು ಒತ್ತುತ್ತಾ ಇದ್ದರೆ ಕೆಲವೇ ನಿಮಿಷಗಳಲ್ಲಿ ಎಲ್ಲವೂ ಸಿಗುತ್ತಿತ್ತು. ಜನ ಆ ಗೇಮನ್ನು ಬಾಡಿಗೆಗೆ ತಂದದ್ದೇ ಅದಕ್ಕಾಗಿ. ನಿಯಮ ಬರೆದವರು ಏಟನ್ನು ಎಣಿಸಿದರು. ಆ ಏಟಿನಿಂದ ಆಟಗಾರ ಏನು ಸಾಧಿಸಿದ ಎಂದು ಕೇಳಿಕೊಳ್ಳಲಿಲ್ಲ.

ಇನ್ನು ಹಳೆಯ ಗೇಮುಗಳ ಪಾಡೇನು? ನಮ್ಮ ಕಡೆಯೂ 1990ರ ದಶಕದಲ್ಲಿ ಪಟ್ಟಣದ ಅಂಗಡಿಗಳಲ್ಲಿ ಟಿವಿಗೆ ಸಿಗಿಸುವ ‘ವಿಡಿಯೊ ಗೇಮ್’ ಪೆಟ್ಟಿಗೆ ಬಂದಿತ್ತು. ಅದಕ್ಕೆ ಹಾಕುವುದನ್ನು ಕ್ಯಾಸೆಟ್ ಅನ್ನುತ್ತಿದ್ದರು. ಮಾರಿಯೊ, ಕಾಂಟ್ರಾ ಆಡದ ಆ ಕಾಲದ ಹುಡುಗರು ಕಡಿಮೆ. ಆ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಜಪಾನಿನ ನಿಂಟೆಂಡೊ ಕಂಪನಿಯ ಯಂತ್ರದ ನಕಲು. ಮಾರಿಯೊ ಬಂದದ್ದು 1985ರಲ್ಲಿ, ಬಿರುದು ಎಂಬ ಕಲ್ಪನೆಗಿಂತ ಇಪ್ಪತ್ತು ವರ್ಷ ಮೊದಲು. ಅದರ ಪ್ರೋಗ್ರಾಮ್ ಕ್ಯಾಸೆಟ್‌ನ ಚಿಪ್ಪಿನಲ್ಲಿ ಸೀಲಾಗಿ ಕೂತಿದೆ. ಒಂದು ಸಾಲು ಸೇರಿಸಲು ಒಳಗೆ ಹೋಗುವಂತಿಲ್ಲ.

2012ರಲ್ಲಿ ಶುರುವಾದ ರೆಟ್ರೋ ಅಚೀವ್‌ಮೆಂಟ್ಸ್ ಎಂಬ ಸಮುದಾಯ ಹಿಡಿದ ದಾರಿ ಬೇರೆ. ಒಳಗೆ ಹೋಗಲಾಗದಿದ್ದರೆ ಹೊರಗೆ ನಿಂತು ಇಣುಕಿ ನೋಡೋಣ ಎಂದಿತು. ಹಳೆಯ ಗೇಮುಗಳನ್ನು ಈಗ ಆಡುವುದು ಎಮ್ಯುಲೇಟರಿನಲ್ಲಿ. ಎಮ್ಯುಲೇಟರ್ ಅಂದರೆ ಹಳೆಯ ಯಂತ್ರದ ವೇಷ ಹಾಕುವ ಸಾಫ್ಟ್‌ವೇರ್. ಆ ಯಂತ್ರದ ಮೆಮೊರಿಯಲ್ಲಿ ಪ್ರತಿ ಕ್ಷಣ ಏನಿದೆ ಎನ್ನುವುದು ಎಮ್ಯುಲೇಟರಿಗೆ ಗೊತ್ತಿರುತ್ತದೆ.

ಮೆಮೊರಿ ಎಷ್ಟು ದೊಡ್ಡದು? ಮಾರಿಯೊ ಓಡುವ ಯಂತ್ರದಲ್ಲಿ 2048 ಬೈಟ್. ಹಳೆಯ ಮನೆಯ ಗೋಡೆಯಲ್ಲಿ ದೀಪ ಇಡಲು ಗೂಡು ಇರುತ್ತದಲ್ಲ, ಅಂಥ 2048 ಗೂಡುಗಳಿವೆ ಎಂದುಕೊಳ್ಳಿ. ಒಂದೊಂದರಲ್ಲೂ 0ರಿಂದ 255ರ ತನಕ ಒಂದು ಸಂಖ್ಯೆ. ಆಟದಲ್ಲಿ ಈಗ ನಡೆಯುತ್ತಿರುವುದೆಲ್ಲ ಇಷ್ಟರಲ್ಲೇ ಇರಬೇಕು. 1882ನೇ ಗೂಡಿನಲ್ಲಿ ಮಾರಿಯೊನ ಉಳಿದ ಜೀವಗಳು. 1886ರಲ್ಲಿ ನಾಣ್ಯಗಳು. 1887ರಲ್ಲಿ ಎಷ್ಟನೇ ಲೋಕ. ಆದರೆ ಯಂತ್ರ ಸೊನ್ನೆಯಿಂದ ಎಣಿಸುತ್ತದೆ. ಮೊದಲ ಲೋಕ ಅಂದರೆ 0, ಎರಡನೆಯದು 1. ಪರದೆಯಲ್ಲಿ ಜೀವ 3 ಎಂದು ಕಂಡರೆ ಗೂಡಿನಲ್ಲಿ 2 ಇರುತ್ತದೆ.

ಯಾವ ಗೂಡಿನಲ್ಲಿ ಏನಿದೆ ಎಂದು ಕಂಡುಹಿಡಿಯುವ ವಿದ್ಯೆ ಬಂದದ್ದು ಮೋಸಗಾರರಿಂದ. 1990ರಲ್ಲಿ ಬಂದ ಗೇಮ್ ಜೀನಿ ಎಂಬ ಸಾಧನವನ್ನು ಕ್ಯಾಸೆಟ್‌ಗೂ ಯಂತ್ರಕ್ಕೂ ನಡುವೆ ಸಿಗಿಸಿ ಕೋಡ್ ಹಾಕಿದರೆ ಜೀವ ಮುಗಿಯುತ್ತಲೇ ಇರಲಿಲ್ಲ. ನಿಂಟೆಂಡೊ ಕೋರ್ಟಿಗೆ ಹೋಯಿತು. 1992ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಗೇಮ್ ಜೀನಿ ಮಾರುತ್ತಿದ್ದ ಗಲೂಬ್ ಕಂಪನಿಯ ಪರ ತೀರ್ಪು ಕೊಟ್ಟಿತು. ಆಕ್ಷನ್ ರಿಪ್ಲೇ ತರಹದ ಸಾಧನಗಳು ಮೆಮೊರಿಯಲ್ಲೇ ಕೈಯಾಡಿಸಿದವು. ಹುಡುಕುವ ರೀತಿ ಇಷ್ಟೆ: ಈಗ 2 ಇರುವ ಗೂಡುಗಳನ್ನೆಲ್ಲ ಗುರುತು ಹಾಕು. ಬೇಕೆಂದೇ ಒಂದು ಜೀವ ಕಳೆದುಕೋ. ಗುರುತು ಹಾಕಿದ್ದರಲ್ಲಿ ಈಗ 1 ಆಗಿರುವುದನ್ನು ಮಾತ್ರ ಉಳಿಸು. ಮತ್ತೆ ಸಾಯಿ. ಹೀಗೆ ನಾಲ್ಕೈದು ಬಾರಿ ಮಾಡಿದರೆ ಒಂದೆರಡು ಗೂಡು ಉಳಿಯುತ್ತವೆ.

ಬಿರುದು ಬರೆಯುವವರು ಹುಡುಕುವುದೂ ಹೀಗೆಯೇ. ಕಳ್ಳ ಕಂಡುಹಿಡಿದ ಹಿತ್ತಿಲ ದಾರಿಯಲ್ಲಿ ಈಗ ಕಾವಲುಗಾರ ಕೂತಿದ್ದಾನೆ. ಒಂದೇ ವ್ಯತ್ಯಾಸ, ಇವನು ಗೂಡಿನಲ್ಲಿ ಇಣುಕುತ್ತಾನೆ, ಕೈ ಹಾಕುವುದಿಲ್ಲ.

ಈಗ ನಿಯಮ ಬರೆದು ನೋಡೋಣ. ಬಿರುದಿನ ಹೆಸರು ‘ಮೊದಲ ಕೋಟೆ ಗೆದ್ದವನು’ ಎಂದಿರಲಿ. ಮೊದಲ ಲೋಕದ ಕೋಟೆ ಗೆದ್ದು ಎರಡನೇ ಲೋಕಕ್ಕೆ ಹೋದವನಿಗೆ ಇದು ಸಿಗಬೇಕು. ಮೊದಲಿಗೆ ಯಾರಿಗಾದರೂ ಹೊಳೆಯುವುದು ಇದು: 1887ರಲ್ಲಿ 1 ಇದ್ದರೆ ಬಿರುದು ಕೊಡು.

ಸಾಲದು. ಎಮ್ಯುಲೇಟರಿನಲ್ಲಿ ಆಟವನ್ನು ಇದ್ದಲ್ಲೇ ಉಳಿಸಿಟ್ಟು ಆಮೇಲೆ ಅಲ್ಲಿಂದಲೇ ಮುಂದುವರಿಸಬಹುದು. ಗೆಳೆಯ ಎರಡನೇ ಲೋಕದಲ್ಲಿ ಉಳಿಸಿಟ್ಟ ಆಟವನ್ನು ನೀವು ತೆರೆದರೆ 1887ರಲ್ಲಿ ಆಗಲೇ 1 ಇದೆ. ಆಡದೆ ಬಿರುದು ಬಂತು. ಹಾಗಾಗಿ ಈ ಭಾಷೆಯಲ್ಲಿ ‘ಡೆಲ್ಟಾ’ ಎಂಬ ಮಾತು ಇದೆ. ಹಿಂದಿನ ಫ್ರೇಮಿನಲ್ಲಿ, ಅಂದರೆ ಸೆಕೆಂಡಿನ ಅರವತ್ತನೇ ಒಂದು ಪಾಲು ಹಿಂದೆ, ಆ ಗೂಡಿನಲ್ಲಿ ಏನಿತ್ತು ಎಂದು ಅದು ಹೇಳುತ್ತದೆ. ನಿಯಮವನ್ನು ತಿದ್ದೋಣ: 1887ರಲ್ಲಿ ಹಿಂದೆ 0 ಇತ್ತು, ಈಗ 1 ಇದೆ. ಇರುವುದನ್ನು ಬಿಟ್ಟು ಬದಲಾದ ಗಳಿಗೆಯನ್ನು ಹಿಡಿದೆವು.

ಇದೂ ಸಾಲದು. ಮಾರಿಯೊವನ್ನು ಪೂರ್ತಿ ಗೆದ್ದವರಿಗೆ ಗೊತ್ತಿರುವ ಒಂದು ಗುಟ್ಟಿದೆ. ಒಮ್ಮೆ ಗೆದ್ದ ಮೇಲೆ ಹೆಸರು ತೋರಿಸುವ ಪರದೆಯಲ್ಲಿ ಬಿ ಗುಂಡಿ ಒತ್ತಿದರೆ ಯಾವ ಲೋಕದಿಂದ ಶುರು ಮಾಡಬೇಕು ಎಂದು ಆರಿಸಬಹುದು. ಒತ್ತಿದ ಕೂಡಲೇ 1887 ಸೊನ್ನೆಯಿಂದ ಒಂದಾಗುತ್ತದೆ. ಕೂತಲ್ಲೇ ಬಿರುದು. ಇದನ್ನು ತಡೆಯಲು 1904ನೇ ಗೂಡು ನೋಡಬೇಕು. ಅಲ್ಲಿ ಆಟದ ಸ್ಥಿತಿ ಇರುತ್ತದೆ. ಹೆಸರಿನ ಪರದೆಯಾದರೆ 0, ಆಡುತ್ತಿದ್ದರೆ 1, ಕೋಟೆ ಗೆದ್ದ ದೃಶ್ಯ ನಡೆಯುತ್ತಿದ್ದರೆ 2, ಆಟ ಮುಗಿದಿದ್ದರೆ 3. ‘1904ರಲ್ಲಿ 0 ಇರಬಾರದು’ ಎಂದು ಸೇರಿಸೋಣ.

ಆಯಿತೇ? ಇಲ್ಲ. ಮೊದಲ ಲೋಕದ ಎರಡನೇ ಹಂತದಲ್ಲಿ ಚಾವಣಿಯ ಮೇಲೆ ಓಡಿಹೋದರೆ ಕೊಳವೆಗಳ ಕೋಣೆ ಸಿಗುತ್ತದೆ. ಅಲ್ಲಿಂದ ನೇರ ಎರಡು, ಮೂರು, ನಾಲ್ಕನೇ ಲೋಕಕ್ಕೆ ಹೋಗಬಹುದು. ಎರಡನೇ ಲೋಕದ ಕೊಳವೆಗೆ ಇಳಿದರೂ 1887 ಸೊನ್ನೆಯಿಂದ ಒಂದಾಗುತ್ತದೆ, ಆಟವೂ ನಡೆಯುತ್ತಿರುತ್ತದೆ. ಕೋಟೆಯ ಮುಖವನ್ನೇ ನೋಡದವನಿಗೆ ಕೋಟೆ ಗೆದ್ದ ಬಿರುದು! ಕೊನೆಗೆ ಸರಿಯಾದ ನಿಯಮ ಹೀಗಾಗುತ್ತದೆ: 1887 ಸೊನ್ನೆಯಿಂದ ಒಂದಾಗಬೇಕು, ಮತ್ತು 1904ರಲ್ಲಿ ಹಿಂದಿನ ಫ್ರೇಮಿನಲ್ಲಿ 2 ಇದ್ದಿರಬೇಕು. ಕೋಟೆ ಗೆದ್ದ ದೃಶ್ಯದಿಂದಲೇ ಹೊಸ ಲೋಕಕ್ಕೆ ಬಂದಿರಬೇಕು ಎಂದರ್ಥ. ‘0 ಇರಬಾರದು’ ಎಂಬುದು ಇನ್ನು ಬೇಕಿಲ್ಲ.

ಒಂದು ಸಣ್ಣ ಬಿರುದಿಗೆ ಇಷ್ಟು ತಿದ್ದುಪಡಿ. ಈ ಭಾಷೆಯ ಒಂದೊಂದು ಮಾತಿನ ಹಿಂದೆಯೂ ಇಂಥ ತಂಟೆಯೊಂದು ಇರುತ್ತದೆ ಎಂದು ನಮಗೆ ಅನಿಸುತ್ತದೆ. ‘ಹಿಟ್ ಕೌಂಟ್’ ತೆಗೆದುಕೊಳ್ಳಿ. ಒಂದು ಷರತ್ತು ಎಷ್ಟು ಫ್ರೇಮ್ ನಿಜವಾಗಿತ್ತು ಎಂದು ಅದು ಎಣಿಸುತ್ತದೆ. 600 ಎಂದು ಕೊಟ್ಟರೆ ಒಟ್ಟು ಹತ್ತು ಸೆಕೆಂಡು. ಎಣಿಕೆ ತುಂಬಿದರೆ ಆ ಷರತ್ತು ಮುಗಿದಂತೆ, ಆಮೇಲೆ ಸುಳ್ಳಾದರೂ ಪರವಾಗಿಲ್ಲ. ಯಂತ್ರಕ್ಕೆ ನೆನಪು ಕೊಡುವ ಉಪಾಯ ಇದು. ‘ರೀಸೆಟ್ ಇಫ್’ ಎಂಬ ಮಾತು ಆ ನೆನಪನ್ನೆಲ್ಲ ಅಳಿಸುತ್ತದೆ. ‘ಪಾಸ್ ಇಫ್’ ಎಣಿಕೆಯನ್ನು ಸ್ವಲ್ಪ ಹೊತ್ತು ನಿಲ್ಲಿಸುತ್ತದೆ.

ಇವನ್ನು ಇಟ್ಟುಕೊಂಡು ‘ಒಂದೂ ಜೀವ ಕಳೆದುಕೊಳ್ಳದೆ ಮೊದಲ ಕೋಟೆ’ ಎಂದು ಬರೆಯಬಹುದು. 1904 ಸೊನ್ನೆಯಿಂದ ಒಂದಕ್ಕೆ ಬಂದಾಗ, ಅಂದರೆ ಆಟಗಾರ ಸ್ಟಾರ್ಟ್ ಒತ್ತಿದಾಗ, ಒಂದು ಎಣಿಕೆ. 1882ರ ಸಂಖ್ಯೆ ಹಿಂದಿನದಕ್ಕಿಂತ ಕಡಿಮೆಯಾದರೆ ರೀಸೆಟ್. ಕೊನೆಗೆ ಮೇಲಿನ ಕೋಟೆಯ ಷರತ್ತು. ಓದಲು ಚೆನ್ನಾಗಿದೆ. ಆದರೆ ಕೊನೆಯ ಜೀವ ಹೋದಾಗ 1882ರಲ್ಲಿದ್ದ 0ಯಿಂದ ಒಂದು ಕಳೆದರೆ ಏನಾಗುತ್ತದೆ? ಗೂಡಿನಲ್ಲಿ 0ಗಿಂತ ಕೆಳಗಿನ ಸಂಖ್ಯೆ ಕೂರುವುದಿಲ್ಲ, ಸುತ್ತಿ ಬಂದು 255 ಆಗುತ್ತದೆ. ಜೀವ ಹೋಯಿತು, ಸಂಖ್ಯೆ ಏರಿತು. ‘ಕಡಿಮೆಯಾದರೆ’ ಎಂಬ ನಿಯಮ ಸುಮ್ಮನೆ ಕೂರುತ್ತದೆ. ‘1904ರಲ್ಲಿ 0 ಬಂದರೂ ರೀಸೆಟ್’ ಎಂಬ ಇನ್ನೊಂದು ಸಾಲು ಬೇಕಾಗುವುದು ಇಲ್ಲಿ.

ನಾವು ಇದನ್ನೆಲ್ಲ ಮಾತಿನಲ್ಲಿ ಬರೆದೆವು. ನಿಜವಾದ ನಿಯಮ ಹೀಗಿರುವುದಿಲ್ಲ. ಅಕ್ಷರ, ಅಂಕಿ, ಚುಕ್ಕಿಗಳನ್ನು ಒತ್ತೊತ್ತಾಗಿ ಜೋಡಿಸಿದ ಒಂದೇ ಉದ್ದ ಸಾಲು ಅದು. ಓದಿದವರಿಗೆ ಕಣ್ಣು ಕಟ್ಟುತ್ತದೆ. ಒಂದು ಗೇಮಿಗೆ ಐವತ್ತು ಬಿರುದು ಇದ್ದು ಪ್ರತಿಯೊಂದರಲ್ಲೂ ಹತ್ತಾರು ಷರತ್ತು ಇದ್ದರೆ, ಒಂದು ಗೂಡಿನ ಸಂಖ್ಯೆ ತಪ್ಪಾಗಿದೆ ಎಂದು ಗೊತ್ತಾದಾಗ ಎಲ್ಲವನ್ನೂ ಕೈಯಲ್ಲೇ ತಿದ್ದಬೇಕು.

ಇದಕ್ಕೆ ಪರಿಹಾರವಾಗಿ ಆ ಸಮುದಾಯದ ಸ್ವಯಂಸೇವಕರೊಬ್ಬರು ಆರ್‌ಎ ಟೂಲ್ಸ್ ಎಂಬ ಸಾಧನ ಕಟ್ಟಿದರು. ಅದರೊಳಗೆ ಒಂದು ಪುಟ್ಟ ಸ್ಕ್ರಿಪ್ಟ್ ಭಾಷೆ ಇದೆ. ಹೆಸರು ಆರ್‌ಎ ಸ್ಕ್ರಿಪ್ಟ್. ಗೂಡಿಗೆ ಹೆಸರಿಡಬಹುದು. ಪದೇ ಪದೇ ಬರುವ ಷರತ್ತನ್ನು ಒಂದು ಫಂಕ್ಷನ್ ಆಗಿ ಕಟ್ಟಿಡಬಹುದು. ಹಿಟ್ ಕೌಂಟ್, ರೀಸೆಟ್ ಇಫ್ ಬದಲು ‘ಒನ್ಸ್’, ‘ರಿಪೀಟೆಡ್’, ‘ನೆವರ್’ ಎಂಬ ಮಾತುಗಳಿವೆ. ಒಮ್ಮೆ, ಇಷ್ಟು ಬಾರಿ, ಎಂದೂ ಆಗಬಾರದು. ಅದರ ಧಾಟಿಯನ್ನು ಕನ್ನಡದಲ್ಲಿ ಬರೆದರೆ ಹೀಗೆ:

ಲೋಕ = ಗೂಡು 1887
ಸ್ಥಿತಿ = ಗೂಡು 1904
ಕೋಟೆ ಗೆದ್ದ (ನ) = ಹಿಂದಿನ ಲೋಕ ನ−1, ಈಗಿನ ಲೋಕ ನ, ಹಿಂದಿನ ಸ್ಥಿತಿ 2
ನ 1ರಿಂದ 7ರ ತನಕ: ಬಿರುದು ಕೊಡು, ಷರತ್ತು ಕೋಟೆ ಗೆದ್ದ (ನ)

ನಾಲ್ಕು ಸಾಲಿನಲ್ಲಿ ಏಳು ಬಿರುದು. ಎಂಟನೆಯದನ್ನು ಬೇರೆಯೇ ಬರೆಯಬೇಕು. ಎಂಟನೇ ಲೋಕ ಗೆದ್ದರೆ ಮುಂದೆ ಲೋಕವಿಲ್ಲ, 1887 ಬದಲಾಗುವುದಿಲ್ಲ.

ಈ ಸ್ಕ್ರಿಪ್ಟ್ ಆಟಗಾರನ ಯಂತ್ರಕ್ಕೆ ಹೋಗುವುದೇ ಇಲ್ಲ. ಬರೆಯುವವರ ಮೇಜಿನ ಮೇಲೆಯೇ ಅದು ಆ ಹಳೆಯ ಚುಕ್ಕಿ ಅಂಕಿಯ ಸಾಲಾಗಿ ಬದಲಾಗುತ್ತದೆ. ಆ ಸಾಲು ಮಾತ್ರ ಆಟಗಾರರ ಬಳಿ ಹೋಗುತ್ತದೆ. ಇಡೀ ವಿನ್ಯಾಸದಲ್ಲಿ ನಮಗೆ ಅತಿ ಜಾಣತನ ಎನಿಸಿದ್ದು ಇದು. ಬರೆಯುವವರಿಗೆ ಹೆಸರು, ಫಂಕ್ಷನ್, ಲೂಪ್ ಎಲ್ಲ ಬೇಕು. ಆದರೆ ಯಾರೋ ಅಪರಿಚಿತರು ಬರೆದ ನಿಯಮ ನಿಮ್ಮ ಫೋನಿನಲ್ಲಿ ಸೆಕೆಂಡಿಗೆ ಅರವತ್ತು ಬಾರಿ ಓಡಬೇಕು. ಅಲ್ಲಿ ಲೂಪ್ ಸಿಕ್ಕಿಕೊಂಡರೆ ಆಟವೇ ನಿಲ್ಲುತ್ತದೆ. ಮೆಮೊರಿಗೆ ಬರೆಯುವ ಅಧಿಕಾರ ಕೊಟ್ಟರೆ ಕಾವಲುಗಾರ ಮತ್ತೆ ಕಳ್ಳನಾಗುತ್ತಾನೆ. ಹಾಗಾಗಿ ಓಡುವ ಭಾಷೆಯನ್ನು ಬೇಕೆಂದೇ ಬಡವಾಗಿ ಇಟ್ಟರು. ನೋಡು, ಹೋಲಿಸು, ಎಣಿಸು. ಸ್ವಲ್ಪ ಕೂಡಿ ಕಳೆಯುವ ಲೆಕ್ಕ. ಅದರಾಚೆಗೆ ಹೆಚ್ಚೇನಿಲ್ಲ.

ಇಷ್ಟೆಲ್ಲ ಮಾಡಿದರೂ ಯಂತ್ರ ನೋಡುವುದು ಸಂಖ್ಯೆಯನ್ನು, ಸಾಹಸವನ್ನಲ್ಲ. ನಮ್ಮ ಊರುಗಳಲ್ಲಿ ಇದನ್ನು ಯಾರೂ ವಿವರಿಸಿ ಹೇಳಬೇಕಿಲ್ಲ. ನರೇಗಾ ಕೆಲಸದ ಜಾಗದಲ್ಲಿ ಹಾಜರಿಗೆ ದಿನಕ್ಕೆ ಎರಡು ಬಾರಿ ಫೋಟೊ ಹಾಕುವ ಆ್ಯಪ್ ಬಂದಿತ್ತಲ್ಲ, ಅದು ನೋಡಿದ್ದು ಫೋಟೊ ಏರಿತೇ ಎಂದು. ನೆಟ್‌ವರ್ಕ್ ಇಲ್ಲದ ಗುಡ್ಡದ ಬದಿಯಲ್ಲಿ ಮಣ್ಣು ಹೊತ್ತವರ ಬೆವರಿಗೆ ಅದರಲ್ಲಿ ಕಾಲಂ ಇರಲಿಲ್ಲ. ನಿಯಮ ತಪ್ಪಿದಾಗ ಕೇಳಿಸಿಕೊಳ್ಳಲು ಯಾರಿದ್ದಾರೆ ಎನ್ನುವುದೇ ಇಂಥ ಕಡೆ ಮುಖ್ಯ ಪ್ರಶ್ನೆ.

ರೆಟ್ರೋ ಅಚೀವ್‌ಮೆಂಟ್ಸ್‌ನಲ್ಲಿ ಅದಕ್ಕೊಂದು ಏರ್ಪಾಡು ಇದೆ. ಹೊಸಬರು ಬರೆದ ನಿಯಮಗಳನ್ನು ಅನುಭವಿಗಳು ಪರಿಶೀಲಿಸಿದ ಮೇಲೆಯೇ ಬಿಡುತ್ತಾರೆ. ಗೆದ್ದರೂ ಬಿರುದು ಬರಲಿಲ್ಲ ಎಂದೋ, ಗೆಲ್ಲದೆಯೇ ಬಂತು ಎಂದೋ ಆಟಗಾರ ದೂರು ಕೊಡಬಹುದು. ಅದನ್ನು ಟಿಕೆಟ್ ಅನ್ನುತ್ತಾರೆ. ನಿಯಮ ಬರೆದವರು ಅದಕ್ಕೆ ಉತ್ತರ ಕೊಡಬೇಕು. ಕಟ್ಟುನಿಟ್ಟಾಗಿ ಆಡುವವರಿಗೆ ‘ಹಾರ್ಡ್‌ಕೋರ್’ ಎಂಬ ಪದ್ಧತಿ ಬೇರೆ. ಅದರಲ್ಲಿ ಉಳಿಸಿಟ್ಟ ಆಟ ತೆರೆಯುವಂತಿಲ್ಲ, ವೇಗ ತಗ್ಗಿಸುವಂತಿಲ್ಲ, ಚೀಟ್ ಕೋಡ್ ಇಲ್ಲ. ಇಷ್ಟು ಕೆಲಸವೂ ಸಂಬಳವಿಲ್ಲದ ಕೆಲಸ.

ನಮ್ಮ ಕಡೆಯವರಿಗೆ ಒಂದು ತೊಡಕು ಇದೆ. ಯಾವ ಗೇಮ್ ಓಡುತ್ತಿದೆ ಎಂದು ಈ ವ್ಯವಸ್ಥೆ ಗುರುತಿಸುವುದು ಹೆಸರಿನಿಂದಲ್ಲ, ಗೇಮ್ ಫೈಲಿನೊಳಗಿನ ಬೈಟುಗಳಿಂದ ಲೆಕ್ಕ ಹಾಕಿದ ಸಹಿಯಿಂದ. ಆ ಬೈಟುಗಳಲ್ಲಿ ಒಂದು ಬದಲಾದರೂ ಸಹಿ ಬೇರೆ. ನಕಲಿ ಪೆಟ್ಟಿಗೆಗಳ ಜೊತೆ ಬರುತ್ತಿದ್ದ, ಮೇಲೆ ಸಾವಿರ ಲಕ್ಷಗಟ್ಟಲೆ ಗೇಮ್ ಎಂದು ಬರೆದು ಒಳಗೆ ಹತ್ತಿಪ್ಪತ್ತನ್ನೇ ತಿರುಗಿಸಿ ಮುರುಗಿಸಿ ತುಂಬಿದ್ದ ಕ್ಯಾಸೆಟ್‌ಗಳ ಮಾರಿಯೊ ಅಸಲಿ ಮಾರಿಯೊ ಫೈಲಿಗೆ ತಾಳೆಯಾಗುವುದಿಲ್ಲ. ಅದರಲ್ಲಿ ಎಂಟೂ ಕೋಟೆ ಗೆದ್ದರೂ ಅಸಲಿ ಮಾರಿಯೊನ ಬಿರುದು ಬರುವುದಿಲ್ಲ.

ಅಸಲಿ ಫೈಲಿನಲ್ಲಾದರೆ ಫೋನಿನಲ್ಲೇ ರೆಟ್ರೋಆರ್ಚ್ ಹಾಕಿಕೊಂಡು ಬಿರುದಿಗಾಗಿ ಆಡಬಹುದು. ನಿಯಮ ಬರೆಯುವುದಕ್ಕೆ ಮಾತ್ರ ಕಂಪ್ಯೂಟರ್ ಬೇಕು. ಗೂಡುಗಳನ್ನು ಇಣುಕಿ ನೋಡುವ ಕಿಟಕಿ ಇರುವ ಎಮ್ಯುಲೇಟರ್‌ಗಳು ಉಚಿತವಾಗಿ ಸಿಗುತ್ತವೆ. ಶುರು ಮಾಡುವವರು 1886ರಿಂದ ಶುರು ಮಾಡಿ. ಒಂದು ನಾಣ್ಯ ತಗೊಳ್ಳಿ, ಸಂಖ್ಯೆ ಒಂದು ಏರುತ್ತದೆ. ನೂರನೆಯದನ್ನು ತಗೊಂಡಾಗ ಅದು ಸೊನ್ನೆಗೆ ಬಂದು 1882 ಒಂದು ಏರುತ್ತದೆ.